ಸಮಾಲೋಚನೆ ಎಂಬ ಹೆಸರಿನ ಋಣ

ಗದಗ ಸೀಮೆಯ ಶಿರಹಟ್ಟಿ ತಾಲ್ಲೂಕಿನ ಯಾವುದೇ ಹಳ್ಳಿಯ ಪ್ರಾಥಮಿಕ ಶಾಲೆಯ ಮಾಸ್ತರಿಗಾಗಲಿ ಅಕ್ಕೋರಿಗಾಗಲಿ, ತಮ್ಮ ಶಾಲೆ ಹೇಗೆ ನಡೆಯಬೇಕು ಎಂದು ಬಾಯಿಬಿಟ್ಟು ಹೇಳಲು ಇಲಾಖೆಯೇ ಗೊತ್ತುಮಾಡಿದ ಜಾಗ ಒಂದಿದೆ. ಅದು ಕ್ಲಸ್ಟರ್ ಮಟ್ಟದ ಮಾಸಿಕ ಸಮಾಲೋಚನಾ ಸಭೆ. ಸುತ್ತಲಿನ ಹತ್ತಿಪ್ಪತ್ತು ಶಾಲೆಗಳ ಶಿಕ್ಷಕರು, ಸಾಮಾನ್ಯವಾಗಿ ಒಂದು ಶನಿವಾರ, ಯಾವುದೋ ಒಂದು ಶಾಲೆಯ ಕೋಣೆಯಲ್ಲಿ ಕೂಡುತ್ತಾರೆ. ಶಿಕ್ಷಕ ವೃಂದದಿಂದಲೇ ಬಂದ ಸಂಪನ್ಮೂಲ ವ್ಯಕ್ತಿ, ಎಲ್ಲರೂ ಸಿಆರ್‌ಪಿ ಎಂದು ಕರೆಯುವವರು, ಸಭೆ ನಡೆಸುತ್ತಾರೆ. 1990ರ ದಶಕದಲ್ಲಿ ಡಿಪಿಇಪಿ ಎಂಬ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ ಜೊತೆಗೆ ರಾಜ್ಯಕ್ಕೆ ಬಂದ ಈ ಏರ್ಪಾಡಿನ ಕಲ್ಪನೆ ದೊಡ್ಡದು. ಒಂಟಿಯಾಗಿ ಹಳ್ಳಿಯಲ್ಲಿ ಕಲಿಸುವವರು ತಿಂಗಳಿಗೊಮ್ಮೆ ತಮ್ಮಂಥವರೊಡನೆ ಕೂತು, ಒಬ್ಬರ ತೊಡಕನ್ನು ಹತ್ತು ಜನ ಬಿಡಿಸಬೇಕು; ಹೊಸ ಪಾಠವೊಂದನ್ನು ಮಾಡಿ ತೋರಿಸಿ ತಿದ್ದಿಸಿಕೊಳ್ಳಬೇಕು. ಸಮಾಲೋಚನೆ ಎಂದರೆ ಕೂಡಿ ಯೋಚಿಸುವುದು ತಾನೆ? ಆದರೆ ವರ್ಷಗಳು ಕಳೆದಂತೆ ಈ ಸಭೆಯ ಹೊತ್ತನ್ನು ಸುತ್ತೋಲೆಗಳು ತಿಂದುಹಾಕಿವೆ. ಇಲಾಖೆಯ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿ ಮಕ್ಕಳ ವಿವರ ತುಂಬಿದ್ದು ಎಷ್ಟಾಯಿತು, ಯಾವ ನಮೂನೆ ಯಾವ ತಾರೀಖಿನೊಳಗೆ ಹೋಗಬೇಕು, ಯಾವ ದಿನಾಚರಣೆಯ ಫೋಟೊ ಇನ್ನೂ ಬಂದಿಲ್ಲ ಎಂಬುದರಲ್ಲೇ ಮಧ್ಯಾಹ್ನ ಮುಗಿಯುತ್ತದೆ. ಮಾತು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವುದು ಹಾಜರಿ ಸಹಿ ಮಾತ್ರ. ಶಿಕ್ಷಕರನ್ನು ಶಾಲಾ ಸುಧಾರಣೆಯಲ್ಲಿ ತೊಡಗಿಸಿಕೊಂಡಿದ್ದೇವೆ ಎಂದು ಇಲಾಖೆ ಹೇಳುವಾಗಲೆಲ್ಲ ಈ ಸಭೆಯ ಲೆಕ್ಕ ಕೊಡುತ್ತದೆ. ಸೇರಿಸುವುದು ಬೇರೆ, ತೊಡಗಿಸುವುದು ಬೇರೆ. ಆಡಿದ ಮಾತಿಗೆ ಉತ್ತರ ಕೊಡುವ ಬಾಧ್ಯತೆ ಯಾರಿಗೂ ಇಲ್ಲದ ಕಡೆ, ಎಷ್ಟೇ ಸಭೆ ನಡೆದರೂ ಶಿಕ್ಷಕರು ಪಾಲ್ಗೊಂಡಂತೆ ಆಗುವುದಿಲ್ಲ. ಈ ಏರ್ಪಾಡಿನ ಮೇಲೆ ನನಗಿರುವ ಮುಖ್ಯ ತಕರಾರು ಇದು.

ಶಾಲೆಯ ವಾತಾವರಣ ಒಂದು ವಿಷಯ, ಶಿಕ್ಷಕರ ಕೆಲಸದ ಸ್ಥಿತಿಗತಿ ಇನ್ನೊಂದು ವಿಷಯ ಎಂದು ನಾವು ವಿಂಗಡಿಸಿಟ್ಟಿದ್ದೇವೆ. ಮೊದಲನೆಯದಕ್ಕೆ ತರಬೇತಿ, ಎರಡನೆಯದಕ್ಕೆ ಸಂಘ. ಈ ವಿಂಗಡಣೆಯೇ ತಪ್ಪು ಎಂಬುದು ಶಿರಹಟ್ಟಿ ಸೀಮೆಯ ದಿನಚರಿಯನ್ನು ನೋಡಿದರೆ ತಿಳಿಯುತ್ತದೆ. ಕಪ್ಪತಗುಡ್ಡದ ಮಗ್ಗುಲಿನ ಈ ಮಳೆಯಾಶ್ರಿತ ನೆಲದಲ್ಲಿ ಸುಗ್ಗಿ ಮುಗಿದ ಮೇಲೆ ತಾಂಡಾಗಳ ಅನೇಕ ಕುಟುಂಬಗಳು ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ದುಡಿಯಲು ಗುಳೆ ಹೋಗುತ್ತವೆ. ಮಕ್ಕಳು ನಡುವಿನಲ್ಲಿ ಹೋಗಿ ನಡುವಿನಲ್ಲಿ ಬರುತ್ತಾರೆ. ಹೋದ ಮಗುವಿನ ಹೆಸರು ಉಳಿಸಿಕೊಳ್ಳುವುದು ಹೇಗೆ, ಬಂದ ಮಗುವನ್ನು ಎಲ್ಲಿಂದ ಕಲಿಸತೊಡಗುವುದು, ಮನೆಯಲ್ಲಿ ಲಂಬಾಣಿ ಮಾತಾಡುವ ಒಂದನೆಯ ತರಗತಿಯ ಕೂಸಿಗೆ ಮೊದಲ ಆರು ತಿಂಗಳು ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಬೆಂಗಳೂರಿನಲ್ಲಿ ಕೂತವರ ಬಳಿ ಸಿದ್ಧ ಉತ್ತರವಿಲ್ಲ. ಉತ್ತರ ಹುಟ್ಟುವುದಿದ್ದರೆ ಅದೇ ಶಾಲೆಗಳ ಶಿಕ್ಷಕರು ಒಟ್ಟಿಗೆ ಕೂತಾಗ. ಕೂರಲು ಹೊತ್ತು ಬೇಕು. ಆ ಹೊತ್ತು ಎಲ್ಲಿ ಹೋಗುತ್ತದೆ? ಒಂದು ಮೊಟ್ಟೆಯನ್ನೇ ನೋಡಿ. ಬಿಸಿಯೂಟದ ಜೊತೆಗೆ ಮಕ್ಕಳಿಗೆ ಮೊಟ್ಟೆ ಕೊಡುವುದು ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರಕ್ಕೆ ಆರು ದಿನಕ್ಕೆ ಏರಿತು. ಆದರೆ ಮೊಟ್ಟೆ ಕೊಂಡು ತರುವವರು ಮುಖ್ಯ ಗುರುಗಳು. ಬೇಯಿಸುವ ಇಂಧನ, ಸುಲಿಯುವ ಕೂಲಿ ಎಲ್ಲ ಸೇರಿ ಒಂದಕ್ಕೆ 6 ರೂಪಾಯಿ ಎಂದು ದರ ಗೊತ್ತುಮಾಡಲಾಗಿತ್ತು. ಪೇಟೆಯಲ್ಲಿ ಮೊಟ್ಟೆಯ ಬೆಲೆಯೇ ಆರನ್ನು ದಾಟಿದಾಗ ಉಳಿದದ್ದನ್ನು ತಮ್ಮ ಜೇಬಿನಿಂದ ಹಾಕಬೇಕಾಯಿತು ಎಂದು ರಾಜ್ಯದ ಹಲವೆಡೆಯ ಶಿಕ್ಷಕರು ಹೇಳಿದರು. ಯೋಜನೆ ರೂಪಿಸುವ ಮೊದಲು ನಾಲ್ಕು ಹಳ್ಳಿಯ ಮುಖ್ಯ ಗುರುಗಳನ್ನು ಕೇಳಿದ್ದರೆ, ಬೆಲೆ ಏರಿದಾಗ ಏನು ಮಾಡುವುದು ಎಂಬ ಪ್ರಶ್ನೆ ಮೊದಲ ದಿನವೇ ಎದ್ದಿರುತ್ತಿತ್ತು. ಮೊಟ್ಟೆಯ ಲೆಕ್ಕಕ್ಕೆ, ಹಾಲಿನ ಪುಡಿಯ ಲೆಕ್ಕಕ್ಕೆ, ಅಕ್ಕಿ ಬೇಳೆಯ ದಾಸ್ತಾನು ಪುಸ್ತಕಕ್ಕೆ ಹೋದ ಹೊತ್ತು ತಾಂಡಾದ ಮಗುವಿಗೆ ಸಿಗಬೇಕಿದ್ದ ಹೊತ್ತೇ. ಕೆಲಸದ ಸ್ಥಿತಿಯನ್ನು ಮುಟ್ಟದೆ ವಾತಾವರಣವನ್ನು ಮಾತ್ರ ತಿದ್ದುತ್ತೇವೆ ಎಂಬುದು ಆಗುವ ಮಾತಲ್ಲ.

2025ರ ದಸರೆಯಲ್ಲಿ ಇದು ಇಡೀ ರಾಜ್ಯಕ್ಕೆ ಕಾಣಿಸಿತು. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ರಂದು ಶುರುವಾಯಿತು. ಮನೆಮನೆ ಸುತ್ತಿದ ಗಣತಿದಾರರಲ್ಲಿ ಬಹುಪಾಲು ಸರ್ಕಾರಿ ಶಾಲೆಗಳ ಶಿಕ್ಷಕರು. ನಿಗದಿಯಾದ ದಿನಗಳಲ್ಲಿ ಕೆಲಸ ಮುಗಿಯಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಖಾಸಗಿ ಶಾಲೆಯ ಮಗು ಆ ದಿನಗಳಲ್ಲಿ ತರಗತಿಯಲ್ಲಿತ್ತು, ಸರ್ಕಾರಿ ಶಾಲೆಯ ಮಗು ಮನೆಯಲ್ಲಿತ್ತು. ಸಮೀಕ್ಷೆಯ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಹಿಂದುಳಿದವರ ಸ್ಥಿತಿ ಅಂಕಿಅಂಶಗಳಲ್ಲಿ ದಾಖಲಾಗಬೇಕು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಂ ಶಿಕ್ಷಕರನ್ನು ಬೋಧನೆಯಲ್ಲದ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಎಂಬ ಮೂರಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ. ಚುನಾವಣೆಯ ಕೆಲಸವನ್ನೂ ರಜಾದಿನಗಳಲ್ಲಿ, ಪಾಠವಿಲ್ಲದ ಹೊತ್ತಿನಲ್ಲಿ ಮಾಡಿಸಿ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿತ್ತು. ಹೀಗೆ ಕಾನೂನು ಶಿಕ್ಷಕರ ಪರವಾಗಿದೆ, ಅಂದರೆ ಮಗುವಿನ ಪರವಾಗಿದೆ. ಆದರೂ ಯಾವ ಸಮಾಲೋಚನಾ ಸಭೆಗೂ, ಈ ಕೆಲಸವನ್ನು ಹೇಗೆ ಹಂಚಿದರೆ ಪಾಠ ಕೆಡುವುದಿಲ್ಲ ಎಂಬ ಪ್ರಶ್ನೆ ತೀರ್ಮಾನಕ್ಕಾಗಿ ಬರುವುದಿಲ್ಲ. ಬರುವುದು ಆದೇಶದ ಪ್ರತಿ.

ಶಿಕ್ಷಕರು ಕೂಡಿ ಯೋಚಿಸಿದರೆ ಏನಾಗಬಲ್ಲದು ಎಂಬುದಕ್ಕೆ ದೂರದ ದೇಶದ ಉದಾಹರಣೆ ಬೇಕಿಲ್ಲ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿಯ ಹತ್ತಿರವಿರುವ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡು ಹಿಡಿದು ಕಲಿಯುವ ಬಗೆಯನ್ನು ಕಂಡುಬಂದರು. ಯುನಿಸೆಫ್ ನೆರವಿತ್ತು, ತಾಲ್ಲೂಕಿನಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಎಂ.ಎನ್. ಬೇಗ್ ಅವರಂಥವರ ಬೆಂಬಲವಿತ್ತು. ಐಎಎಸ್ ಅಧಿಕಾರಿ ಅನಿತಾ ಕೌಲ್ ಮೇಲಿನ ಹಂತದಲ್ಲಿ ದಾರಿ ಬಿಡಿಸಿಕೊಟ್ಟರು. ಆದರೆ ಕಾರ್ಡುಗಳನ್ನು ಬರೆದವರು ಶಿಕ್ಷಕರು. ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿ ಕಟ್ಟಿದ್ದು, ಹಾಡು ಕಥೆ ಹೊಂದಿಸಿದ್ದು, ಮಕ್ಕಳ ಮುಂದೆ ಇಟ್ಟು ನೋಡಿ, ಹೊಂದದ್ದನ್ನು ಕಿತ್ತು ಮತ್ತೆ ಬರೆದದ್ದು ಅವರೇ. ಅದೇ ನಲಿ–ಕಲಿ. ಈ ಬದಲಾವಣೆ ಪಾಠದ ವಿಧಾನದಲ್ಲಿ ಮಾತ್ರ ಆಗಲಿಲ್ಲ ಎಂಬುದು ನನಗೆ ಮುಖ್ಯವೆನಿಸುತ್ತದೆ. ಮಾಸ್ತರ್ ಕುರ್ಚಿಯಿಂದಿಳಿದು ನೆಲದ ಮೇಲೆ ಮಕ್ಕಳ ನಡುವೆ ಕೂತರು. ಗೋಡೆಯ ಕೆಳಭಾಗದ ಹಲಗೆ ಮಗುವಿನ ಕೈಗೆ ಸಿಕ್ಕಿತು. ಗೈರಾಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದಾಯಿತು. ಗುಳೆ ಹೋಗುವ ಸೀಮೆಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಅಧಿಕಾರಿಯೊಡನೆ ಶಿಕ್ಷಕರ ಸಂಬಂಧವೂ ಬದಲಾಯಿತು, ಏಕೆಂದರೆ ತಪಾಸಣೆಗೆ ಬಂದವರಿಗಿಂತ ತಮ್ಮ ತರಗತಿಯ ವಿಷಯ ತಮಗೇ ಹೆಚ್ಚು ಗೊತ್ತು ಎಂಬ ಧೈರ್ಯ ಅವರಿಗೆ ಬಂದಿತ್ತು. ಶಾಲೆಯ ಸಂಸ್ಕೃತಿ ಎಂದರೆ ಇದೇ. ಗೋಡೆಯ ಮೇಲೆ ಸುಭಾಷಿತ ಬರೆಸಿದರೆ ಅದು ಹುಟ್ಟುವುದಿಲ್ಲ.

ಅದೇ ನಲಿ–ಕಲಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಆದೇಶವಾಗಿ ಹೋಯಿತು. ಏಣಿ ಬಂತು, ಕಾರ್ಡಿನ ಕಟ್ಟು ಬಂತು, ಮಕ್ಕಳ ಗುಂಪುಗಳಿಗೆ ಐದು ತಟ್ಟೆಗಳು ಬಂದವು, ಮೇಲೆ ಕಟ್ಟುವ ಕಲಿಕಾ ಚಪ್ಪರವೂ ಬಂತು. ಬರದೆ ಉಳಿದದ್ದು ಕಾರ್ಡನ್ನು ತಿದ್ದುವ ಹಕ್ಕು. ಕೋಟೆಯ ಶಿಕ್ಷಕರು ಬರೆದು ಅಳಿಸಿ ಬರೆದ ಕಾರ್ಡು, ಶಿರಹಟ್ಟಿಯ ಶಿಕ್ಷಕರ ಕೈಗೆ ಅಚ್ಚಾದ ವಸ್ತುವಾಗಿ ಸಿಕ್ಕಿತು. ಹಾಗೆಂದು ವಿಸ್ತರಣೆಯನ್ನು ಪೂರಾ ತಳ್ಳಿಹಾಕುವುದು ನ್ಯಾಯವಲ್ಲ. ಅದರಿಂದ ಸಾವಿರಾರು ತರಗತಿಗಳಲ್ಲಿ ಬೆತ್ತ ಹಿಂದೆ ಸರಿಯಿತು, ಮಗು ಎದ್ದು ಓಡಾಡುವುದು ತಪ್ಪಲ್ಲ ಎಂಬ ನಂಬಿಕೆ ಬಂತು. ಇದು ಸಣ್ಣ ಸಾಧನೆಯಲ್ಲ. ಆದರೆ ಮೂರು ತರಗತಿ ಒಟ್ಟಿಗೆ ಕೂಡಿಸಬಹುದು ಎಂಬ ಬೋಧನಾ ತತ್ವ, ಮೂರು ತರಗತಿಗೆ ಒಬ್ಬ ಶಿಕ್ಷಕ ಸಾಕು ಎಂಬ ಆಡಳಿತದ ಅನುಕೂಲವಾಗಿ ಬದಲಾದದ್ದನ್ನು ಮರೆಯಬಾರದು. ಒಂದು ಕಡೆ ಶಿಕ್ಷಕರ ಸ್ವಂತ ಆವಿಷ್ಕಾರವಾಗಿದ್ದದ್ದು ಇನ್ನೊಂದು ಕಡೆ ಅವರ ಹೊರೆಯಾಯಿತು. ವಿಧಾನ ಅದೇ, ಮಕ್ಕಳೂ ಅಂಥವರೇ. ವ್ಯತ್ಯಾಸವಾದದ್ದು ತೀರ್ಮಾನ ಯಾರದು ಎಂಬುದರಲ್ಲಿ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ನನಗೆ ಕಾಣುವುದಿಲ್ಲ.

ಶಾಲೆಯ ಆಡಳಿತವನ್ನು ಜನರ ಹತ್ತಿರ ತಂದ ಇನ್ನೊಂದು ಏರ್ಪಾಡು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರಲ್ಲಿ ಈ ಸಮಿತಿಗಳು ಹುಟ್ಟಿದವು. ದೇಶಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಬರುವುದಕ್ಕೆ ಎಂಟು ವರ್ಷ ಮೊದಲೇ ಕರ್ನಾಟಕ ಪೋಷಕರನ್ನು ಶಾಲೆಯೊಳಗೆ ಕರೆದಿತ್ತು ಎಂಬುದು ಹೆಮ್ಮೆಯ ಸಂಗತಿ. ಸಮಿತಿಯ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಎಂದು ಕಾಯ್ದೆ ಹೇಳಿದ್ದು ಸರಿಯೇ. ಆದರೆ ಶಿಕ್ಷಕರ ವಿಷಯದಲ್ಲಿ ಆದದ್ದೇನು? ಕೇಂದ್ರದ 2010ರ ಮಾದರಿ ನಿಯಮಗಳು ಉಳಿದ ಕಾಲು ಪಾಲಿನಲ್ಲಿ ಶಿಕ್ಷಕರೇ ಆರಿಸಿದ ಶಿಕ್ಷಕ ಪ್ರತಿನಿಧಿಗಳಿಗೂ ಜಾಗ ಕೊಟ್ಟಿದ್ದವು. ನಮ್ಮ ರೂಢಿಯಲ್ಲಿ ಮಾತ್ರ ಶಿಕ್ಷಕರ ದನಿ ಎಂದರೆ ಸದಸ್ಯ ಕಾರ್ಯದರ್ಶಿಯಾದ ಮುಖ್ಯ ಗುರುಗಳ ದನಿ, ಅವರ ದನಿಯೂ ಹೆಚ್ಚಿನ ಸಲ ಲೆಕ್ಕ ಒಪ್ಪಿಸುವ ದನಿ. ಮೂವತ್ತರೊಳಗೆ ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಡಿ ವರ್ಷಕ್ಕೆ ಬರುವ ಅನುದಾನ 10,000 ರೂಪಾಯಿ, ನೂರರೊಳಗಿದ್ದರೆ 25,000. ಆ ಸಣ್ಣ ಮೊತ್ತದಲ್ಲಿ ಗ್ರಂಥಾಲಯದ ಪುಸ್ತಕ ಮೊದಲೋ, ಶೌಚಾಲಯದ ನಲ್ಲಿ ಮೊದಲೋ ಎಂದು ತರಗತಿಯಲ್ಲಿ ದಿನವಿಡೀ ನಿಲ್ಲುವ ಸಹ ಶಿಕ್ಷಕಿಯನ್ನು ಕೇಳುವ ಕಡ್ಡಾಯ ಇಲ್ಲ. ಅಮೆರಿಕದ ಶಿಕಾಗೊ ನಗರ 1988ರಲ್ಲಿ ಪ್ರತಿ ಶಾಲೆಗೂ ಸ್ಥಳೀಯ ಸಮಿತಿ ಮಾಡಿದಾಗ ಆರು ಪೋಷಕರು, ಇಬ್ಬರು ಊರವರು, ಮುಖ್ಯೋಪಾಧ್ಯಾಯರ ಜೊತೆಗೆ ಇಬ್ಬರು ಶಿಕ್ಷಕರನ್ನೂ ಸೇರಿಸಿತು. ಆ ನಗರದ ಶಾಲೆಗಳನ್ನು ವರ್ಷಗಟ್ಟಲೆ ಅಭ್ಯಸಿಸಿದ ಆಂಥೊನಿ ಬ್ರಿಕ್ ಮತ್ತು ಬಾರ್ಬರಾ ಶ್ನೈಡರ್ 2002ರ ತಮ್ಮ ಪುಸ್ತಕದಲ್ಲಿ ಕಂಡುಕೊಂಡದ್ದೇನೆಂದರೆ, ಶಿಕ್ಷಕರು, ಮುಖ್ಯಸ್ಥರು, ಪೋಷಕರ ನಡುವೆ ಪರಸ್ಪರ ವಿಶ್ವಾಸ ಬೆಳೆದ ಶಾಲೆಗಳಲ್ಲೇ ಮಕ್ಕಳ ಕಲಿಕೆ ಸುಧಾರಿಸುವ ಸಂಭವ ಹೆಚ್ಚು. ಶಿಕಾಗೊ ಬೇರೆ, ನಮ್ಮ ಶಿರಹಟ್ಟಿ ಸೀಮೆಯ ಬೆಳ್ಳಟ್ಟಿ ಬೇರೆ ಎಂಬುದು ನಿಜ. ಆದರೂ ಒಂದೇ ಮೇಜಿನ ಸುತ್ತ ಕೂತವರ ನಡುವೆ ಮಾತ್ರ ವಿಶ್ವಾಸ ಹುಟ್ಟುತ್ತದೆ ಎಂಬುದು ಎರಡೂ ಕಡೆ ಸಲ್ಲುವ ಮಾತು.

ಇಲಾಖೆ ಶಿಕ್ಷಕರ ಇಚ್ಛೆಗೆ ನಿಯಮದ ಬಲ ಕೊಟ್ಟ ಸಂದರ್ಭಗಳೂ ಇವೆ, ಅವುಗಳ ಫಲ ಚೆನ್ನಾಗಿದೆ. 2007ರ ವರ್ಗಾವಣೆ ನಿಯಂತ್ರಣ ಕಾಯ್ದೆ ಬಂದ ಮೇಲೆ ಕೌನ್ಸೆಲಿಂಗ್ ಮೂಲಕ, ಖಾಲಿ ಹುದ್ದೆಗಳ ಪಟ್ಟಿ ಎಲ್ಲರ ಕಣ್ಣೆದುರು ಇಟ್ಟು, ಆದ್ಯತೆಯ ಕ್ರಮದಲ್ಲಿ ಜಾಗ ಆರಿಸಿಕೊಳ್ಳುವ ಪದ್ಧತಿ ನೆಲೆಗೊಂಡಿತು. ವರ್ಗಾವಣೆಗಾಗಿ ಶಾಸಕರ ಮನೆ ಬಾಗಿಲು ಕಾಯುವ ಅಪಮಾನ ಅದರಿಂದ ಬಹುಮಟ್ಟಿಗೆ ತಪ್ಪಿತು. 2020ರಲ್ಲಿ ಹೊಸ ಕಾಯ್ದೆ ಬಂದರೂ ಕೌನ್ಸೆಲಿಂಗ್ ಉಳಿಯಿತು. ತನಗೆ ಬೇಕಾದ ತರಬೇತಿಯನ್ನು ಶಿಕ್ಷಕರೇ ಆರಿಸಿಕೊಳ್ಳಲಿ ಎಂಬ ಗುರುಚೇತನ ಕಾರ್ಯಕ್ರಮವೂ ಅದೇ ದಿಕ್ಕಿನದು. ಆದರೆ ಇವೆರಡೂ ಒಬ್ಬೊಬ್ಬರ ಆಯ್ಕೆಗಳು. ನೀವು ಯಾವ ಊರಿಗೆ ಹೋಗುತ್ತೀರಿ, ಯಾವ ತರಬೇತಿ ಪಡೆಯುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳುವ ಇಲಾಖೆ, ನೀವೆಲ್ಲ ಸೇರಿ ಈ ಶಾಲೆಯನ್ನು ಹೇಗೆ ನಡೆಸುತ್ತೀರಿ ಎಂದು ಇನ್ನೂ ಕೇಳಿಲ್ಲ.

ಶಾಲೆಯ ತೀರ್ಮಾನಗಳಲ್ಲಿ ಶಿಕ್ಷಕರಿಗೆ ಪಾಲು ಕೊಡಬೇಕು ಎಂಬುದಕ್ಕೆ ಮೊದಲ ಆಕ್ಷೇಪ ಎಲ್ಲ ಕಡೆ ಕೇಳಿಬರುವಂಥದು. ಶಿಕ್ಷಕರಿಗೆ ಸಂಘವಿದೆ, ಮತ ಹಾಕುವ ಬಲವಿದೆ, ಇನ್ನೂ ಅಧಿಕಾರ ಕೊಟ್ಟರೆ ಮೈಗಳ್ಳತನಕ್ಕೆ ರಕ್ಷಣೆ ಕೊಟ್ಟಂತೆ ಎಂಬುದು. ಸಂಘದ ದನಿ ದೊಡ್ಡದು, ನಿಜ. 2017ರ ವೃಂದ ಮತ್ತು ನೇಮಕಾತಿ ನಿಯಮಗಳ ವಿರುದ್ಧ ಅದು ವರ್ಷಗಳಿಂದ ಹೋರಾಡುತ್ತ ಬಂದಿದೆ, ಆ ಹೋರಾಟದಲ್ಲಿ ನ್ಯಾಯವೂ ಇದೆ. ಆದರೆ ಸಂಘ ಮಾತಾಡುವುದು ಬೆಂಗಳೂರಿನಲ್ಲಿ, ವೇತನ ಬಡ್ತಿಗಳ ಬಗ್ಗೆ. ತನ್ನ ಶಾಲೆಯ ಒಳಗಿನ ವಿಷಯಕ್ಕೆ ಮಾತಾಡಲು ಎಡೆ ಇಲ್ಲದವನಿಗೆ ಉಳಿಯುವುದು ಹೊರಗಿನ ಕೂಗೊಂದೇ. ಎಡೆ ಸಿಕ್ಕರೆ ಕೂಗು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಇನ್ನು ಮೈಗಳ್ಳತನ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಅಧ್ಯಯನದವರು ಹೋದ ದಿನ ಶಾಲೆಯಲ್ಲಿ ಇರದಿದ್ದ ಶಿಕ್ಷಕರು ನೂರಕ್ಕೆ ಹದಿನೆಂಟರಷ್ಟಿದ್ದರೂ, ಕಾರಣವಿಲ್ಲದೆ ಗೈರಾದವರು 2.5 ಮಾತ್ರ. ಉಳಿದವರು ರಜೆಯಲ್ಲಿದ್ದರು, ತರಬೇತಿಯಲ್ಲಿದ್ದರು, ಇಲಾಖೆಯೇ ಕೊಟ್ಟ ಹೊರಗಿನ ಕೆಲಸದಲ್ಲಿದ್ದರು. ನೂರಕ್ಕೆ ಎರಡೂವರೆ ಜನರ ಮೇಲಿನ ಅನುಮಾನದಿಂದ ಉಳಿದವರೆಲ್ಲರ ಬಾಯಿಗೆ ಬೀಗ ಹಾಕುವುದು ಯಾವ ಲೆಕ್ಕ? ಗದಗ ಸೀಮೆಯವರಿಗೆ ಈ ಅನುಮಾನದ ಬಗ್ಗೆ ಹಳೆಯ ಅನುಭವವಿದೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದು, ಸಾಲ ಪಡೆಯುವ ರೈತನೇ ಸಾಲದ ಹಣ ಕಾಯಬಲ್ಲ ಎಂಬ ನಂಬಿಕೆಯ ಮೇಲೆ. ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ ಎಂಬುದು ಸಹಕಾರದ ಮೂಲ ನೇಮ. ರೈತನ ವಿಷಯದಲ್ಲಿ ನೂರಿಪ್ಪತ್ತು ವರ್ಷದ ಹಿಂದೆ ಮಾಡಿದ ಧೈರ್ಯವನ್ನು ಶಿಕ್ಷಕರ ವಿಷಯದಲ್ಲಿ ಇನ್ನೂ ಏಕೆ ಮಾಡಬಾರದು?

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು, ಅದನ್ನು ಹಗುರವಾಗಿ ತಳ್ಳಲಾಗದು. ಶಿಕ್ಷಕರೂ ಊರಿನ ಸಮಾಜದ ಭಾಗ. ತಾಂಡಾದ ಮಗು, ಕೇರಿಯ ಮಗು ಕಲಿಯಲಾರದು ಎಂಬ ಪೂರ್ವಗ್ರಹ ಅವರಲ್ಲೂ ಇರಬಹುದು. ತೀರ್ಮಾನ ಅವರ ಕೈಗೆ ಬಂದರೆ ಆ ಪೂರ್ವಗ್ರಹವೇ ಶಾಲೆಯ ನೇಮವಾಗಿಬಿಟ್ಟರೆ? ರಾಜ್ಯಕ್ಕೆಲ್ಲ ಒಂದೇ ಆದೇಶ ಇರುವುದರಿಂದ ತಾನೆ ಬಡವರ ಮಗುವಿಗೂ ಮೊಟ್ಟೆ, ಪುಸ್ತಕ, ಸಮವಸ್ತ್ರ ಸಿಕ್ಕಿದ್ದು? ಹೌದು. ಸ್ವಾತಂತ್ರ್ಯಕ್ಕೆ ಮುಂಚೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಪಕ್ಕದ ಗದಗ ಮುಂಬಯಿ ಪ್ರಾಂತದಲ್ಲಿ ಇದ್ದ ನೆಲವಿದು. ಕೂಗಳತೆಯ ಊರುಗಳಿಗೆ ಬೇರೆ ಬೇರೆ ಆಳಿಕೆ ಇದ್ದ ಕಾಲವನ್ನು ಕಂಡ ಸೀಮೆಗೆ ಸಮಾನ ನಿಯಮದ ಬೆಲೆ ಗೊತ್ತು. ಆದ್ದರಿಂದ ಮಗುವಿನ ಹಕ್ಕು ಏನು ಎಂಬುದನ್ನು ಕ್ಲಸ್ಟರ್ ಸಭೆಗೆ ಬಿಡಬೇಕೆಂದು ನಾನು ಹೇಳುವುದಿಲ್ಲ. ಆ ಹಕ್ಕನ್ನು ಈ ಊರಿನಲ್ಲಿ ನಡೆಸಿಕೊಡುವ ಬಗೆ ಹೇಗೆ ಎಂಬುದನ್ನು ಬಿಡಬೇಕು. ಪೂರ್ವಗ್ರಹದ ಮಾತಿಗೆ ಬಂದರೆ, ಮುಚ್ಚಿದ ಬಾಗಿಲ ಹಿಂದೆ ಒಬ್ಬೊಬ್ಬರೇ ಕಲಿಸುವ ಈಗಿನ ಸ್ಥಿತಿಯಲ್ಲೇ ಅದು ಸುರಕ್ಷಿತವಾಗಿರುತ್ತದೆ. ಒಬ್ಬರ ತರಗತಿಯನ್ನು ಇನ್ನೊಬ್ಬರು ಕೂತು ನೋಡಿ, ಆ ಮೇಲೆ ಚರ್ಚಿಸುವ ಪಾಠ ಅಧ್ಯಯನದ ಪದ್ಧತಿ ಜಪಾನಿನ ಶಾಲೆಗಳಲ್ಲಿ ತಲೆಮಾರುಗಳಿಂದ ಇದೆ. ಹಿಂದಿನ ಸಾಲಿನ ಮಗುವಿಗೆ ಇವತ್ತು ಒಂದೂ ಪ್ರಶ್ನೆ ಬರಲಿಲ್ಲವಲ್ಲ ಎಂದು ಸಹೋದ್ಯೋಗಿ ಹೇಳಿದರೆ ನಾಟುವಷ್ಟು ಯಾವ ಸುತ್ತೋಲೆಯೂ ನಾಟುವುದಿಲ್ಲ. ಪೋಷಕರೂ ಎಸ್‌ಡಿಎಂಸಿಯಲ್ಲಿ ಅದೇ ಮೇಜಿಗೆ ಇರುತ್ತಾರೆ. ಶಿಕ್ಷಕರ ಮಾತು ಅವರ ಮಾತಿನ ಮೇಲೆ ಕೂರಬೇಕಿಲ್ಲ, ಪಕ್ಕದಲ್ಲಿ ಕೂತರೆ ಸಾಕು.

ಒಂದು ವರ್ಗವನ್ನು ಮಾತ್ರ ಈ ಚರ್ಚೆ ಎಂದಿಗೂ ಒಳಗೆ ಕರೆದಿಲ್ಲ. ಅತಿಥಿ ಶಿಕ್ಷಕರು ತಿಂಗಳಿಗೆ 10,000, ಈಚೆಗೆ 12,000 ರೂಪಾಯಿ ಗೌರವಧನಕ್ಕೆ ದುಡಿಯುತ್ತಾರೆ, ಬೇಸಿಗೆಯಲ್ಲಿ ಅದೂ ಇಲ್ಲ. ಹಲವು ಹಳ್ಳಿಗಳಲ್ಲಿ ಶಾಲೆ ನಿಂತಿರುವುದೇ ಅವರ ಮೇಲೆ. ಶಿಕ್ಷಕರ ಸ್ಥಾನಮಾನದ ಬಗ್ಗೆ 1966ರ ಅಕ್ಟೋಬರ್ 5ರಂದು ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಪ್ಪಿದ ಶಿಫಾರಸು, ಹೊಸ ಪಠ್ಯ ಪಾಠೋಪಕರಣಗಳನ್ನು ರೂಪಿಸುವಲ್ಲಿ ಶಿಕ್ಷಕರು ಪಾಲ್ಗೊಳ್ಳಬೇಕು ಎಂದಾಗ ಕಾಯಂ, ಅತಿಥಿ ಎಂದು ಬೇರೆಮಾಡಿರಲಿಲ್ಲ. ಮುಂದಿನ ಜೂನಿನಲ್ಲಿ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದ ಅಕ್ಕೋರಿಂದ ಶಾಲೆಯ ಮೂರು ವರ್ಷದ ಯೋಜನೆಯನ್ನು ನಿರೀಕ್ಷಿಸುವುದು ಅನ್ಯಾಯ. ಹಾಗಿದ್ದೂ ಸಭೆಯಲ್ಲಿ ಅವರಿಗೆ ಒಂದು ಮತವಾದರೂ ಇರಲಿ.

ಬೇಕಾಗಿರುವ ಬದಲಾವಣೆ ದೊಡ್ಡ ಖರ್ಚಿನದಲ್ಲ. ಶಿರಹಟ್ಟಿಯ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ವ್ಯಾಪ್ತಿಯಲ್ಲೇ ಒಂದು ವರ್ಷ ಮಾಡಿ ನೋಡಬಹುದು. ಸಭೆಯ ಮೊದಲ ಅರ್ಧ ಶಿಕ್ಷಕರು ತಾವೇ ಬರೆದುಕೊಟ್ಟ ವಿಷಯಗಳಿಗೆ ಮೀಸಲಾಗಲಿ, ಸುತ್ತೋಲೆಗಳು ಮೊಬೈಲಿನಲ್ಲಿ ಬರುತ್ತವೆ, ಅವನ್ನು ಓದಿ ಹೇಳಲು ಸಭೆ ಬೇಡ. ಪ್ರತಿ ಶಾಲೆ ಆ ತಿಂಗಳು ಪಾಠವಲ್ಲದ ಕೆಲಸಕ್ಕೆ ಎಷ್ಟು ಗಂಟೆ ಹೋಯಿತೆಂದು ಬರೆದಿಡಲಿ; ವಾರಕ್ಕೆ ಸಿದ್ಧತೆಯೂ ಸೇರಿ 45 ಗಂಟೆ ಬೋಧನೆ ಎಂದು ಕಾಯ್ದೆಯ ಅನುಸೂಚಿಯೇ ಹೇಳುವಾಗ, ಆ ಗಂಟೆಗಳು ಎಲ್ಲಿ ಸೋರುತ್ತಿವೆ ಎಂಬ ಲೆಕ್ಕ ಎಲ್ಲರಿಗೂ ಕಾಣಲಿ. ಸಭೆ ಒಪ್ಪಿದ ಠರಾವಿಗೆ ಮುಂದಿನ ಸಭೆಯೊಳಗೆ ಕಚೇರಿಯಿಂದ ಲಿಖಿತ ಉತ್ತರ ಬರಬೇಕು. ಆಗುವುದಿಲ್ಲ ಎಂಬ ಉತ್ತರವಾದರೂ ಸರಿ, ಏಕೆ ಆಗುವುದಿಲ್ಲ ಎಂದು ಇರಬೇಕು. ದಿನವಿಡೀ ಕಲಿಸಿ ದಣಿದವರಿಗೆ ಇದೊಂದು ಹೆಚ್ಚಿನ ಕೆಲಸವಾಗದೆ ಎಂದು ಕೇಳಬಹುದು. ಈಗಲೂ ಅವರು ಅದೇ ಶನಿವಾರ, ಅದೇ ಕೋಣೆಯಲ್ಲಿ, ಊರಿಗೆ ಹೋಗುವ ಬಸ್ಸಿನ ಹೊತ್ತು ನೋಡುತ್ತ ಕೂತಿರುತ್ತಾರೆ. ಆ ಸಭೆಯ ನಡಾವಳಿ ಪುಸ್ತಕದಲ್ಲಿ ಹಾಜರಿದ್ದವರ ಸಹಿಗೆ ಒಂದು ಕಾಲಂ ಇದೆ. ಅದರ ಪಕ್ಕದಲ್ಲಿ, ಕಚೇರಿ ಕೊಟ್ಟ ಉತ್ತರ ಬರೆಯಲು ಇನ್ನೊಂದು ಕಾಲಂ ಗೆರೆ ಎಳೆದರೆ ಕೆಲಸ ಶುರುವಾಗುತ್ತದೆ.